ಎರಡು ಪರ್ತ್‌ಗಳ ನಡುವೆ

ಸ್ಕಾಟ್ಲೆಂಡಿನಲ್ಲಿ ಒಂದು ಪರ್ತ್ ಇದೆ, ಆಸ್ಟ್ರೇಲಿಯಾದಲ್ಲಿ ಇನ್ನೊಂದು. ಮೊದಲನೆಯದರ ಹೆಸರನ್ನೇ 1829ರಲ್ಲಿ ಎರಡನೆಯದಕ್ಕೆ ಇಟ್ಟರು. ಇವೆರಡರ ನಡುವೆ ಕಾಕ್ಸ್ ಟೌನ್ ಬರುತ್ತದೆ. ಭೂಗೋಳದ ಮೇಷ್ಟ್ರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ನನ್ನ ಮೇಜಿನ ಮೇಲೆ ಕೂತಿರುವ ಹಿತ್ತಾಳೆಯ ಮೀನು ರೀಲು ಮೊದಲ ಪರ್ತ್‌ನಲ್ಲಿ ಹುಟ್ಟಿದ್ದು. ಅದನ್ನು ನನ್ನ ಕೈಗಿಟ್ಟು ಹೋದ ಮನೆ ಮಾಲೀಕರು ಎರಡನೆಯ ಪರ್ತ್‌ನಲ್ಲಿ ಮಗಳ ಮನೆ ಸೇರಿದವರು. ನಡುವೆ ಉಳಿದದ್ದು ನಾನು ಮತ್ತು ಸೀಮೆಎಣ್ಣೆಯ ಒಂದು ಬೋಗುಣಿ. ಆ ಸೀಮೆಎಣ್ಣೆ ಹೊಂದಿಸಲು ಪಟ್ಟ ಪಾಡು ನೋಡಿದರೆ, ಅಪರೂಪದ ವಸ್ತು ಯಾವುದು, ರೀಲೋ ಎಣ್ಣೆಯೋ ಎಂಬ ಅನುಮಾನ ಈಗಲೂ ಇದೆ.

ಕಾಕ್ಸ್ ಟೌನ್ ಎಂದರೆ ಸರ್ವಜ್ಞನಗರ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರಾಗಿದ್ದ ಕಾಕ್ಸ್ ದೊರೆಯ ಹೆಸರು ಹೋಗಿ ನಮ್ಮ ತ್ರಿಪದಿಯ ಕವಿಯ ಹೆಸರು ಬಂದು ಕಾಲವಾಯಿತು. 2008ರಿಂದ ವಿಧಾನಸಭಾ ಕ್ಷೇತ್ರಕ್ಕೂ ಅದೇ ಹೆಸರು. ಆದರೂ ಆಟೋದವರಿಗೆ ‘ಸರ್ವಜ್ಞನಗರ’ ಎಂದರೆ ‘ಅದೆಲ್ಲಿ ಬರುತ್ತೆ ಸಾರ್?’ ಎನ್ನುತ್ತಾರೆ, ‘ಕಾಕ್ಸ್ ಟೌನ್’ ಎಂದರೆ ‘ಒನ್ ಅಂಡ್ ಹಾಫ್ ಕೊಡಿ’ ಎನ್ನುತ್ತಾರೆ. ಎಲ್ಲ ಬಲ್ಲವನ ಹೆಸರಿನ ಊರಿನಲ್ಲಿದ್ದೂ ನನಗೆ ಬಾರದ ವಿದ್ಯೆಗಳು ಬಹಳ. ಮೀನು ಹಿಡಿಯುವುದು ಅವುಗಳಲ್ಲೊಂದು. ತಿನ್ನುವುದು ಬರುತ್ತದೆ. ನನ್ನದು ಮಳವಳ್ಳಿ ಕಡೆ, ಹೆಂಡತಿಯದು ಕುಂದಾಪುರ. ಹೊಳೆಮೀನಿಗೂ ಕಡಲಮೀನಿಗೂ ನಮ್ಮ ಅಡುಗೆಮನೆಯಲ್ಲಿ ಬಗೆಹರಿಯದ ಗಡಿ ತಂಟೆ ಇದೆ. ಹಿಡಿಯುವ ಕೆಲಸವನ್ನು ಮಾತ್ರ ಇಬ್ಬರೂ ಒಮ್ಮತದಿಂದ ರಸೆಲ್ ಮಾರ್ಕೆಟ್ಟಿಗೆ ಬಿಟ್ಟಿದ್ದೇವೆ.

ಮಾಲೀಕರು ಆಂಗ್ಲೋ ಇಂಡಿಯನ್. ದಂಡಿನ ಬಡಾವಣೆಗಳಿಂದ ಆ ಜನ ಆಸ್ಟ್ರೇಲಿಯಾಕ್ಕೆ ಹೊರಡುವುದು ಒಂದು ತಲೆಮಾರಿನ ಕತೆಯಲ್ಲ. ಹೊರಡುವುದಕ್ಕೂ ಒಂದು ಕ್ರಮವುಂಟು: ಬೀಟೆ ಮರದ ಬೀರು ಹಳೇ ಸಾಮಾನಿನ ವ್ಯಾಪಾರಿಗೆ, ಪಿಯಾನೋ ಚರ್ಚಿಗೆ, ನಾಯಿ ಪಕ್ಕದ ಮನೆಗೆ. ನಮ್ಮ ಮಾಲೀಕರಿಗೆ ಪಿಯಾನೋ ಇರಲಿಲ್ಲ, ನಾಯಿ ತೀರಿಕೊಂಡಿತ್ತು. ಉಳಿದದ್ದು ಬಿಸ್ಕತ್ತಿನ ಒಂದು ಡಬ್ಬಿ. ಅದರಲ್ಲಿ ತುಕ್ಕು ಹಿಡಿದ ಗಾಳಗಳು, ಮುಟ್ಟಿದರೆ ಪುಡಿಯಾಗುವ ರೇಷ್ಮೆ ದಾರ, ಹಸಿರು ಕಟ್ಟಿದ ಒಂದು ಹಿತ್ತಾಳೆಯ ಮುದ್ದೆ. ‘ನನ್ನ ತಂದೆಯದು. ವಿಮಾನದಲ್ಲಿ ಇದರ ತೂಕಕ್ಕೆ ಎರಡು ಜೊತೆ ಬಟ್ಟೆ ಬಿಡಬೇಕಾಗುತ್ತದೆ’ ಎಂದು ಕೊಟ್ಟರು. ಅಡ್ವಾನ್ಸ್ ಹಣವನ್ನೂ ಪೂರ್ತಿ ವಾಪಸು ಕೊಟ್ಟರು. ಬೆಂಗಳೂರಿನ ಬಾಡಿಗೆದಾರರ ಪೈಕಿ ಎಷ್ಟು ಜನಕ್ಕೆ ಇಂಥ ಭಾಗ್ಯ! ನಿಜವಾಗಿ ಬರೆಯಬೇಕಾದದ್ದು ಆ ಪ್ರಸಂಗವನ್ನೇ.

ಮುದ್ದೆ ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಗ ಗಾಳಿಪಟದ ಮಾಂಜಾ ಸುತ್ತುವ ಚರಕ ಎಂದ. ಹಾಲಿನವನು ಹಳೇ ಕಾಲದ ಅಳತೆ ಟೇಪು ಎಂದ. ಮಾರುತಿ ಸೇವಾನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ, ಕನ್ನಡ, ತಮಿಳು, ದಖನಿ ಮೂರನ್ನೂ ಒಂದೇ ವಾಕ್ಯದಲ್ಲಿ ಹೊಲಿಯಬಲ್ಲವರು. ಅವರು ಕನ್ನಡಕ ಹಣೆಗೇರಿಸಿ ನೋಡಿ, ‘ದೊಡ್ಡ ಮಿಷನ್‌ದು ಬಾಬಿನ್ ಸಾಬ್’ ಎಂದು ತೀರ್ಪು ಕೊಟ್ಟರು. ಸತ್ಯಕ್ಕೆ ಅತಿ ಹತ್ತಿರ ಬಂದವರು ಅವರೇ. ಹೇಗೆಂದು ಆಮೇಲೆ ಹೇಳುತ್ತೇನೆ.

ಸೀಮೆಎಣ್ಣೆಯಲ್ಲಿ ನೆನೆದು ಮೇಲಿನ ಕೊಳೆ ಸಡಿಲಾದಾಗ ಹಿತ್ತಾಳೆಯ ಮೇಲೆ ಅಕ್ಷರ ಕಂಡವು: ಮ್ಯಾಲಕ್, ಪರ್ತ್, ಪೇಟೆಂಟ್. ಪೀಟರ್ ಡಂಕನ್ ಮ್ಯಾಲಕ್ ಎಂಬಾತ ಟೇ ನದಿಯ ದಡದ ಆ ಊರಿನಲ್ಲಿ ಮೀನು ಹಿಡಿಯುವ ಸಾಮಾನಿನ ಅಂಗಡಿ ಇಟ್ಟಿದ್ದವನು. ಸಾಲ್ಮನ್ ಮೀನಿನ ಬಾಳುವೆಯ ಮೇಲೆ ದಪ್ಪ ಪುಸ್ತಕ ಬರೆದ ಪ್ರಕೃತಿ ಪ್ರೇಮಿ. 1884ರಲ್ಲಿ ಅವನು ಪೇಟೆಂಟ್ ಪಡೆದ ರೀಲು ಇದು. ಅದುವರೆಗಿನ ರೀಲುಗಳಲ್ಲಿ ಗಾಳ ಬೀಸಿದಾಗ ದಾರದ ಜೊತೆ ಉರುಳೆಯೂ ತಿರುಗಬೇಕಿತ್ತು. ಉರುಳೆ ಭಾರ, ಒಮ್ಮೆ ತಿರುಗಲು ಶುರುವಾದರೆ ನಿಲ್ಲದು. ದಾರ ನಿಂತರೂ ಅದು ತಿರುಗುತ್ತಲೇ ಇದ್ದು ಹಕ್ಕಿಗೂಡಿನ ಹಾಗೆ ಸಿಕ್ಕು ಕಟ್ಟುತ್ತಿತ್ತು. ಮ್ಯಾಲಕ್ ಇಡೀ ರೀಲನ್ನು ಒಂದು ತಿರುಗುಮಣೆಯ ಮೇಲೆ ಕೂರಿಸಿದ. ಬೀಸುವ ಮುನ್ನ ಕಾಲು ಸುತ್ತು ತಿರುಗಿಸಿದರೆ ಉರುಳೆಯ ಅಂಚು ಎದುರಿಗೆ ಬರುತ್ತದೆ. ಆಗ ದಾರ ಅಂಚಿನಿಂದ ಸುರುಳಿಸುರುಳಿಯಾಗಿ ಜಾರಿ ಹೋಗುತ್ತದೆ, ಉರುಳೆ ಮಿಸುಕುವುದಿಲ್ಲ. ಗಾಳ ನೀರಿಗೆ ಬಿದ್ದ ಮೇಲೆ ಮತ್ತೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಹಿಡಿ ಸುತ್ತಬೇಕು.

ಪೇಟೆಂಟಿನ ಬುದ್ಧಿ ದೊಡ್ಡದೇ, ಆದರೆ ಅದಕ್ಕೊಂದು ತೆರಿಗೆಯೂ ಇತ್ತು. ಅಂಚಿನಿಂದ ಜಾರುವಾಗ ಪ್ರತಿ ಸುತ್ತಿಗೂ ದಾರಕ್ಕೆ ಒಂದು ಹುರಿ ಬೀಳುತ್ತದೆ. ಬೆಳಿಗ್ಗೆಯಿಂದ ಬೀಸಿದರೆ ಮಧ್ಯಾಹ್ನದ ಹೊತ್ತಿಗೆ ದಾರ ತನ್ನಷ್ಟಕ್ಕೇ ಮುರುಟಿಕೊಳ್ಳುತ್ತದೆ. ಅದಕ್ಕೆ ಉರುಳೆಯನ್ನೇ ಬಿಚ್ಚಿ, ಹಿಂದುಮುಂದಾಗಿಸಿ ಕೂರಿಸುವ ಏರ್ಪಾಟು ಬಂತು; ಆಗ ಹುರಿ ಎದುರು ದಿಕ್ಕಿಗೆ ಬಿದ್ದು ಲೆಕ್ಕ ಸರಿಹೋಗುತ್ತದೆ. 1905ರಲ್ಲಿ ಬ್ರಾಡ್‌ಫರ್ಡಿನ ಇಲಿಂಗ್‌ವರ್ತ್ ಎಂಬ ಉಣ್ಣೆ ಗಿರಣಿಯ ಧಣಿ ಇದೇ ಯೋಚನೆಯನ್ನು ಮುಂದಕ್ಕೊಯ್ದು, ಉರುಳೆಯನ್ನು ಕಾಯಂ ಆಗಿ ಅಡ್ಡ ಕೂರಿಸಿ, ಇಂದು ಲೋಕವೆಲ್ಲ ಬಳಸುವ ಸ್ಪಿನ್ನಿಂಗ್ ರೀಲಿಗೆ ಪೇಟೆಂಟ್ ಪಡೆದ. ಆತನಿಗೆ ಅದು ಹೊಳೆದದ್ದು ಗಿರಣಿಯಲ್ಲಿ ಕದಿರಿನಿಂದ ನೂಲು ಬಿಚ್ಚಿಕೊಳ್ಳುವುದನ್ನು ನೋಡಿ ಎನ್ನುತ್ತಾರೆ. ಅಂದರೆ ನಮ್ಮ ಸೇವಾನಗರದ ಹಿರಿಯರ ‘ಬಾಬಿನ್’ ತೀರ್ಪಿಗೆ ಮೇಲ್ಮನವಿಯೇ ಬೇಕಿಲ್ಲ.

ಮ್ಯಾಲಕ್ ಅಂಗಡಿಯ ಮಾತು ಬಂದದ್ದರಿಂದ ಇದನ್ನೊಂದು ಹೇಳಿಬಿಡಬೇಕು. 1922ರ ಅಕ್ಟೋಬರ್ 7ರ ಸಂಜೆ ಜಾರ್ಜಿನಾ ಬ್ಯಾಲಂಟೈನ್ ಎಂಬ ಹೆಣ್ಣುಮಗಳು, ತಂದೆ ದೋಣಿಯ ಹುಟ್ಟು ಹಾಕುತ್ತಿರಲು, ಟೇ ನದಿಯಲ್ಲಿ ಎರಡು ಗಂಟೆ ಸೆಣಸಿ 64 ಪೌಂಡಿನ ಸಾಲ್ಮನ್ ಎತ್ತಿದಳು. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳಲ್ಲಿ ಇಂದಿಗೂ ಅದೇ ದೊಡ್ಡದು. ಮೀನನ್ನು ಮ್ಯಾಲಕ್ ಅಂಗಡಿಯ ಕಿಟಕಿಯಲ್ಲಿ ಇಟ್ಟರು. ಅದರ ಮುಂದೆ ನಿಂತ ಇಬ್ಬರು ಮುದುಕರು, ಹೆಂಗಸೊಬ್ಬಳು ಇಷ್ಟು ದೊಡ್ಡ ಮೀನು ಎತ್ತಲು ಸಾಧ್ಯವೇ ಇಲ್ಲ, ಇದು ಸುಳ್ಳು ಎಂದು ಮಾತಾಡಿಕೊಂಡರಂತೆ. ಆಕೆ ಅವರ ಬೆನ್ನ ಹಿಂದೆಯೇ ನಿಂತು ಕೇಳಿಸಿಕೊಂಡು, ಒಳಗೊಳಗೇ ನಕ್ಕು ಹೋದಳಂತೆ. ಮೀನು ಆಮೇಲೆ ಊರ ಆಸ್ಪತ್ರೆಗೆ ಹೋಗಿ ರೋಗಿಗಳ ಊಟವಾಯಿತು. ಈ ಕತೆಯನ್ನು ಹೆಂಡತಿಗೆ ಹೇಳಿದೆ. ‘ಆ ಇಬ್ಬರು ಮುದುಕರಿಗೂ ನಿಮಗೂ ಏನು ಸಂಬಂಧ?’ ಎಂದಳು. ಕುಂದಾಪುರದವರಿಗೆ ಮೀನಿನ ವಿಷಯದಲ್ಲಿ ಯಾರ ಪ್ರಮಾಣಪತ್ರವೂ ಬೇಡ.

ಸ್ಕಾಟ್ಲೆಂಡಿನ ಸಾಲ್ಮನ್ನಿಗೆಂದು ಹುಟ್ಟಿದ ರೀಲು ಇಲ್ಲಿ ಏನು ಮಾಡುತ್ತಿತ್ತು? ಉತ್ತರ ನಮ್ಮ ಮಳವಳ್ಳಿಯ ಹೊಳೆಯಲ್ಲೇ ಇದೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಯ ಬಂಡೆಗಳ ನಡುವೆ ಹರಿಯುವಲ್ಲಿ ಬಿಳಿಮೀನು ಇದೆ. ದೊರೆಗಳು ಮಹಶೀರ್ ಎಂದರು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬಾತ 1873ರಲ್ಲಿ ಭಾರತದ ಗಾಳದ ಬೇಟೆಯ ಮೇಲೆ ಒಂದು ಪುಸ್ತಕ ಬರೆದು, ಸಾಲ್ಮನ್ನಿಗಿಂತ ಮಹಶೀರ್ ಗಟ್ಟಿಗ ಎಂದು ಸ್ವದೇಶದವರ ಕೆಂಗಣ್ಣಿಗೆ ಗುರಿಯಾಗುವ ಮಾತಾಡಿದ. ಆ ಪುಸ್ತಕ ಹೊರಬಂದದ್ದು ಲಂಡನ್ನಿನಿಂದಲ್ಲ, ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. 21 ವರ್ಷಗಳ ನಂತರ ಕಿಟ್ಟೆಲ್ಲರ ನಿಘಂಟನ್ನು ಕೊಟ್ಟವರೂ ಅವರೇ. ಅಚ್ಚುಕೂಟದ ಮೊಳೆ ಜೋಡಿಸುವವನು ಮೀನಿನಿಂದ ನಿಘಂಟಿಗೆ ಹೇಗೆ ದಾಟಿದನೋ!

ಗಾಳಕ್ಕೆ ಸಿಕ್ಕ ಬಿಳಿಮೀನುಗಳಲ್ಲಿ ದೊಡ್ಡದನ್ನು 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಹಿಡಿದವರು ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್. ಅರಮನೆಗಳ ಗೋಡೆಗೆ ಹುಲಿ ತುಂಬಿ ಕೊಡುತ್ತಿದ್ದ ಮನೆತನದವರು. 120 ಪೌಂಡು, ಅಂದರೆ 54 ಕೆಜಿ. ನನ್ನ ತೂಕಕ್ಕೆ ಸ್ವಲ್ಪ ಕಡಿಮೆ, ಹೆಂಡತಿಯ ತೂಕದ ಬಗ್ಗೆ ಬರೆಯಲು ಅನುಮತಿ ಇಲ್ಲ. ಈ ಮೀನಿಗೆ ಕಾವೇರಿಯಲ್ಲಿ ಹಾಕುತ್ತಿದ್ದ ಮೇವು ಯಾವುದು ಗೊತ್ತೇ? ರಾಗಿ ಮುದ್ದೆ. ಹದವಾಗಿ ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದಿಂದ ಹಿಡಿದು ಮುಷ್ಟಿ ಗಾತ್ರದವರೆಗೆ ಉಂಡೆ ಕಟ್ಟಿ ಗಾಳಕ್ಕೆ ಮೆತ್ತುವುದು. ಬೆಳ್ಳಿಯ ಚಮಚೆಯಂಥ ಹೊಳೆಯುವ ಹುಸಿಮೇವುಗಳನ್ನು ಲಂಡನ್ನಿನಿಂದ ತರಿಸಿಕೊಂಡವರು ಕೊನೆಗೆ ಹೊಳೆಸಾಲಿನ ಹಳ್ಳಿಯವನ ಒಲೆಯ ಮುಂದೆ ಕೂತು ಮುದ್ದೆ ಬೇಯುವುದನ್ನು ಕಾಯಬೇಕಾಯಿತು. ಹಿಟ್ಟು ತಿಂದವನು ಬೆಟ್ಟ ಕೀಳುತ್ತಾನೆಂಬ ಗಾದೆಯನ್ನು ನಮ್ಮ ಕಡೆ ಮನುಷ್ಯರಿಗಷ್ಟೇ ಎಂದುಕೊಂಡಿದ್ದೆವು. ಅದೇ ಹಿಟ್ಟು ತಿಂದ ಬಿಳಿಮೀನು ಹರಿಗೋಲನ್ನೇ ಬುಗುರಿ ಆಡಿಸುತ್ತಿತ್ತಂತೆ.

ಇನ್ನು ಬಿಚ್ಚುವ ಕೆಲಸ. ಹಳೆಯ ರೀಲಿನ ಸ್ಕ್ರೂಗಳು ಒಂದರ ಹಾಗೆ ಒಂದಿಲ್ಲ. ಕೈಯಲ್ಲಿ ಅರದಿಂದ ತೀಡಿ ಅದರದರ ತೂತಿಗೆ ಕೂರಿಸಿದವು. ತಲೆಯ ಸೀಳು ಕೂದಲೆಳೆಯಷ್ಟು. ಈಗಿನ ಸ್ಕ್ರೂಡ್ರೈವರಿನ ತುದಿ ಬೆಣೆಯ ಆಕಾರದ್ದು, ಸೀಳಿನ ತಳ ಮುಟ್ಟದೆ ಜಾರಿ ಹಿತ್ತಾಳೆಯ ಮೈಗೆ ಗೀರು ಎಳೆಯುತ್ತದೆ. ಇಂಥ ಗೀರು ಕಂಡರೆ ಸಂಗ್ರಹಕಾರರು ಸಾವಿನ ಮನೆಗೆ ಬಂದವರಂತೆ ಮುಖ ಮಾಡುತ್ತಾರೆಂದು ಓದಿದ್ದೆ. ಸೇವಾನಗರದ ಹಿರಿಯರು ಹಳೆಯ ಸಿಂಗರ್ ಯಂತ್ರದ ಒಂದು ಸ್ಕ್ರೂಡ್ರೈವರನ್ನು ಸಾಣೆಗೆ ಹಿಡಿದು, ತುದಿಯ ಎರಡೂ ಮಗ್ಗುಲನ್ನು ಸಮಾಂತರವಾಗಿ ತೆಳು ಮಾಡಿಕೊಟ್ಟರು. ‘ಏನಕ್ಕೆ ಸಾಬ್ ಇದು?’ ಎಂದರು. ‘ಮೀನು ಹಿಡಿಯೋಕೆ.’ ‘ಸ್ಕ್ರೂಡ್ರೈವರಲ್ಲಾ?’ ಎಂದು ಒಂದು ಕ್ಷಣ ಯೋಚಿಸಿ, ‘ರಸೆಲ್ ಮಾರ್ಕೆಟ್ಟಲ್ಲಿ ಕ್ಲೀನ್ ಮಾಡಿ ಕೊಡ್ತಾರೆ ಸಾಬ್’ ಎಂದರು. ಕಾಸು ತೆಗೆದುಕೊಳ್ಳಲಿಲ್ಲ. ಆದರೆ ಬಿಚ್ಚುವಾಗ ತಾವೂ ಇರಬೇಕೆಂದು ಷರತ್ತು ಹಾಕಿದರು.

ಆದ್ದರಿಂದ ಒಂದು ಭಾನುವಾರ ನಮ್ಮ ಊಟದ ಮೇಜಿನ ಮೇಲೆ, ಹಳೆಯ ‘ಪ್ರಜಾವಾಣಿ’ ಹಾಸಿ, ಮೊಟ್ಟೆ ಟ್ರೇಯ ಒಂದೊಂದು ಗುಳಿಗೆ ಒಂದೊಂದು ಸ್ಕ್ರೂ ಇಡುತ್ತ, ನಾವಿಬ್ಬರೂ ಮ್ಯಾಲಕ್ಕನ ಒಳಗು ನೋಡಿದೆವು. ತಿರುಗುಮಣೆ ತಿರುಗುತ್ತಿರಲಿಲ್ಲ. ನಡುವಿನ ಗೂಟದ ಸುತ್ತ ಹಳೆಯ ಗ್ರೀಸು ಗಟ್ಟಿಯಾಗಿ ಅರಗಿನಂತಾಗಿತ್ತು. ಅದು ಪ್ರಾಣಿಯ ಕೊಬ್ಬಿನದೋ ಏನೋ, ಬಿಸಿಮಾಡಿದಾಗ ಎದ್ದ ವಾಸನೆಗೆ ಬೀದಿಯ ನಾಯಿ ಬಾಗಿಲಿಗೆ ಬಂದು ಕೂತಿತು. ಹೇರ್ ಡ್ರೈಯರಿನ ಗಾಳಿ, ಸೀಮೆಎಣ್ಣೆಯ ಹನಿ, ಮತ್ತೆ ಗಾಳಿ. ಬಲ ಹಾಕಲು ಹೋದ ನನ್ನ ಕೈ ಹಿಡಿದು ಹಿರಿಯರು, ‘ಜಂಗು ತಾನೇ ಬಿಡಬೇಕು ಸಾಬ್, ನಾವು ಬಿಡಿಸಬಾರದು’ ಎಂದರು. ಚಹಾ ಬಂತು, ಹೋಯಿತು. ಯಾವಾಗಲೋ ತಿರುಗುಮಣೆ ತನ್ನಷ್ಟಕ್ಕೆ ಒಂದು ಎಳ್ಳಷ್ಟು ಅಲುಗಿತು. ಆಮೇಲೆ ಕಾಲು ಸುತ್ತು. ಹಿರಿಯರು ಅದನ್ನು ತಿರುಗಿಸಿದರು, ಹಿಂದಕ್ಕೆ ತಿರುಗಿಸಿದರು, ಮತ್ತೆ ತಿರುಗಿಸಿದರು. ನನ್ನ ಸರದಿ ಬರಲು ಬಹಳ ಹೊತ್ತಾಯಿತು.

ಹಿಡಿಯ ತುದಿಯ ಗುಬ್ಬಿ ಒಂದು ರಾತ್ರಿ ನನ್ನ ನಿದ್ದೆ ಕೆಡಿಸಿತು. ಹಳದಿ ಬಿಳುಪಿನ ಆ ಗುಂಡು ದಂತವಾಗಿದ್ದರೆ? 1972ರ ವನ್ಯಜೀವಿ ಕಾಯಿದೆ ನೆನಪಾಗಿ, ಮೀನು ಹಿಡಿಯದವನು ಆನೆಯ ಕೇಸಿನಲ್ಲಿ ಸಿಕ್ಕಿಬೀಳುವ ಚಿತ್ರ ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡಿದೆ. ದಂತವಾದರೆ ಅಡ್ಡ ಕೊಯ್ದ ಕಡೆ ಒಂದಕ್ಕೊಂದು ಹಾಯ್ದ ಬಾಗುಗೆರೆಗಳು ಬಲೆಯ ಹಾಗೆ ಕಾಣಬೇಕು. ಇಲ್ಲಿ ಇರಲಿಲ್ಲ, ಬೆಳಕಿಗೆ ಹಿಡಿದರೆ ಅಂಚು ಜೇನಿನ ಬಣ್ಣದಲ್ಲಿ ಹೊಳೆಯಿತು. ದನದ ಕೊಂಬು. ಒಣಗಿ ಪದರಪದರವಾಗಿ ಬಿರುಕು ಬಿಡುತ್ತಿತ್ತು. ಕೊಂಬು, ಉಗುರು, ಕೂದಲು ಮೂರೂ ಕೆರಾಟಿನ್ ಎಂಬ ಒಂದೇ ವಸ್ತುವಿನವು. ಹಾಗಾಗಿ ನಮ್ಮಜ್ಜಿ ಕೂದಲಿಗೆ ಏನು ಹೇಳುತ್ತಿದ್ದಳೋ ಅದನ್ನೇ ಕೊಂಬಿಗೂ ಮಾಡಿದೆ. ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಇಂಗ್ಲೆಂಡಿನವರು ದನದ ಪಾದದ ಎಣ್ಣೆ ಹಚ್ಚುತ್ತಾರಂತೆ. ಯಾವುದು ಮೇಲೆಂದು ವಾದಿಸಲಾರೆ, ನಮ್ಮದರ ಪರಿಮಳ ಮೇಲು.

ಜಗಳ ಶುರುವಾದದ್ದು ಹಿತ್ತಾಳೆಯ ವಿಷಯದಲ್ಲಿ. ಸಂಗ್ರಹಕಾರರ ಧರ್ಮಶಾಸ್ತ್ರದಲ್ಲಿ ಮೊದಲ ಆಜ್ಞೆ: ಹೊಳಪು ಕೊಡಬೇಡ. ನೂರು ವರ್ಷದ ಗಾಳಿ, ಬೆವರು, ಎಣ್ಣೆ ಸೇರಿ ಹಿತ್ತಾಳೆಯ ಮೇಲೆ ಹಬ್ಬಿದ ಕಂದು ಬಣ್ಣವೇ ಅದರ ವಯಸ್ಸಿನ ದಾಖಲೆ. ಅದನ್ನು ಪಟಿನಾ ಎಂದು ಕರೆದು ಅವರು ಹಣ ಕೊಡುತ್ತಾರೆ. ಹಸಿರು ಕಿಲುಬನ್ನು ಮಾತ್ರ ತೆಗೆಯಬೇಕು, ಏಕೆಂದರೆ ಅದು ಲೋಹವನ್ನು ತಿನ್ನುತ್ತದೆ. ನಮ್ಮ ಮನೆಗಳ ಧರ್ಮಶಾಸ್ತ್ರ ಇದಕ್ಕೆ ತದ್ವಿರುದ್ಧ. ಶುಕ್ರವಾರದ ಹೊತ್ತಿಗೆ ದೀಪದ ಕಂಬ ಬಂಗಾರದ ಹಾಗೆ ಹೊಳೆಯದಿದ್ದರೆ ಆ ಮನೆಯ ಹೆಂಗಸಿನ ಮೇಲೆ ಕೇರಿಗೆಲ್ಲ ಅನುಮಾನ. ಹಿತ್ತಾಳೆ ಕಂದಾಗಿದ್ದರೆ ಅದು ಇತಿಹಾಸವಲ್ಲ, ಸೋಮಾರಿತನ. ನನ್ನ ತಾಯಿಗೆ ಪಟಿನಾ ಎಂದರೇನೆಂದು ವಿವರಿಸಲು ಹೋದೆ. ‘ಕೊಳೆಗೆ ದುಡ್ಡು ಕೊಡೋರು ಇದ್ದಾರಾ?’ ಎಂದು ಕೇಳಿ, ‘ಹಾಗಿದ್ರೆ ನಿನ್ನ ಕೋಣೇನೇ ಮಾರಬಹುದು’ ಎಂದರು.

ಮುಂದಿನ ಗುರುವಾರ ನಾನು ಆಫೀಸಿನಿಂದ ಬರುವಷ್ಟರಲ್ಲಿ ರೀಲಿನ ಹಿಂಬದಿಯ ತಟ್ಟೆ ದೀಪದ ಕಂಬಗಳ ಪಕ್ಕದಲ್ಲಿ ಒಣಗುತ್ತಿತ್ತು. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೆ ಉಪ್ಪು ಸೇರಿದರೆ ತಾಮ್ರದ ಆಕ್ಸೈಡು ನಿಮಿಷದಲ್ಲಿ ಕರಗುತ್ತದೆ. ಇನ್ನೂ ಹೆಚ್ಚು ಹೊತ್ತು ಬಿಟ್ಟಿದ್ದರೆ ಹಿತ್ತಾಳೆಯೊಳಗಿನ ಸತುವೂ ಹೊರಟುಹೋಗಿ ಮೈ ತಾಮ್ರದ ಹಾಗೆ ಕೆಂಪಗಾಗುತ್ತಿತ್ತು. ತಾಯಿಯ ಕೈಗೆ ಆ ಗಡಿ ಎಂಬತ್ತು ವರ್ಷದಿಂದ ಗೊತ್ತಿತ್ತು, ಒಂದು ಕ್ಷಣವೂ ಹೆಚ್ಚಾಗಿರಲಿಲ್ಲ. ಹೀಗಾಗಿ ರೀಲಿಗೆ ಈಗ ಎರಡು ಮುಖ. ಮುಂದಿನಿಂದ ನೋಡಿದರೆ ಸ್ಕಾಟ್ಲೆಂಡು, ಹಿಂದಿನಿಂದ ನೋಡಿದರೆ ಮಳವಳ್ಳಿ. ಫೋಟೋ ತೆಗೆದು ಪರ್ತ್‌ಗೆ ಕಳಿಸಿದೆ, ಎರಡನೆಯದಕ್ಕೆ. ತಮ್ಮ ತಂದೆಯ ಕಾಲದಲ್ಲೂ ಮನೆಯ ಅಡುಗೆಯಾಕೆ ಕ್ರಿಸ್‌ಮಸ್‌ಗೆ ಮುನ್ನ ಅದನ್ನು ಹುಣಸೆ ಹಾಕಿ ತಿಕ್ಕುತ್ತಿದ್ದಳೆಂದು ಮಾಲೀಕರ ಉತ್ತರ ಬಂತು. ಹಾಗಾದರೆ ನಾನು ಕಾಪಾಡುತ್ತಿದ್ದ ಇತಿಹಾಸದಲ್ಲಿ ಹುಣಸೆ ಮೊದಲಿನಿಂದಲೂ ಇತ್ತು. ಇಂಥ ಸಂಗತಿ ಸಂಗ್ರಹಕಾರರ ಕ್ಯಾಟಲಾಗಿನಲ್ಲಿ ಬರುವುದಿಲ್ಲ.

ರೀಲು ಸಿದ್ಧವಾಯಿತು. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಗೂಟಕ್ಕೆ ಚಿಟಿಕೆ ಗ್ರೀಸು. ಹಿಡಿ ಒಮ್ಮೆ ತಳ್ಳಿದರೆ ಬೆಣ್ಣೆಯಲ್ಲಿ ಹೋದಂತೆ ತಿರುಗುತ್ತದೆ. ಎಲ್ಲಿ ಬೀಸುವುದು? ಸುತ್ತಮುತ್ತ ಕೆರೆ ಹುಡುಕಿದೆ. ಕಾಚರಕನಹಳ್ಳಿ ಕೆರೆಯಂಗಳದಲ್ಲಿ ಆಟದ ಮೈದಾನ ಇದೆ, ನೀರಿಲ್ಲ. ಹಲಸೂರು ಕೆರೆಯಲ್ಲಿ ನೀರಿದೆ. 2016ರ ಮಾರ್ಚಿನಲ್ಲಿ ಆಮ್ಲಜನಕ ಸಾಲದೆ ಸಾವಿರಾರು ಮೀನು ಗಾಳವಿಲ್ಲದೆಯೇ ದಡಕ್ಕೆ ಬಂದಿದ್ದವು. ಕಾವೇರಿಯ ವನ್ಯಧಾಮದೊಳಗೆ ಗಾಳ ಹಾಕುವುದು ನಿಂತು ದಶಕದ ಮೇಲಾಯಿತು. ಅದಕ್ಕೂ ಮೊದಲು, 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಶನ್ ಆಫ್ ಸೌತ್ ಇಂಡಿಯಾ ಹೊಳೆಯ ಒಂದು ಭಾಗವನ್ನು ಕಾವಲು ಕಾದು, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ನಡೆಸಿತ್ತು. 1978ರಲ್ಲಿ ಮೂವರು ಇಂಗ್ಲಿಷರು, ಬಿಳಿಮೀನು ಇನ್ನೂ ಉಳಿದಿದೆಯೇ ಎಂದು ಹುಡುಕುತ್ತ ಬಂದು, ಉಳಿದಿದೆ ಎಂದು ಲೋಕಕ್ಕೆ ಸಾರಿದ್ದರು. ನಮ್ಮ ಮುತ್ತತ್ತಿಯವರನ್ನು ಕೇಳಿದ್ದರೆ ವಿಮಾನದ ಖರ್ಚು ಉಳಿಯುತ್ತಿತ್ತು.

ಇದೆಲ್ಲಕ್ಕಿಂತ ತಮಾಷೆ, ಒಂದೂವರೆ ಶತಮಾನ ಜಗತ್ತೆಲ್ಲ ಬೆನ್ನು ಹತ್ತಿದ ಈ ಗೂನುಬೆನ್ನಿನ ಮೀನು ಯಾವ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಟಾರ್ ರೆಮಾದೇವಿ, ಮೀನುಗಳ ಅಧ್ಯಯನ ಮಾಡಿದ ರೆಮಾದೇವಿ ಎಂಬ ವಿಜ್ಞಾನಿಯ ಗೌರವಕ್ಕೆ ಇಟ್ಟ ಹೆಸರು. ಅದೇ ವರ್ಷ ಅದನ್ನು ಅಳಿವಿನ ಅಂಚಿಗೆ ಅತಿ ಸಮೀಪದ ಪಟ್ಟಿಗೆ ಸೇರಿಸಿದರು. ಗುರುತು ಸಿಕ್ಕಿದ್ದೂ ತೀವ್ರನಿಗಾ ಘಟಕ ಸೇರಿದ್ದೂ ಒಟ್ಟಿಗೆ. ಮೀನು ಹೆಚ್ಚಿಸುವ ಒಳ್ಳೆಯ ಮನಸ್ಸಿನಿಂದಲೇ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಹೊಳೆಗೆ ಬಿಟ್ಟದ್ದು ಕಾರಣಗಳಲ್ಲೊಂದಂತೆ.

ಮೂಡಿಗೆರೆಯ ತೇಜಸ್ವಿಯವರು ಇದ್ದಿದ್ದರೆ ರೀಲು ನೋಡಿ ಏನೆನ್ನುತ್ತಿದ್ದರೋ! ಗಾಳವನ್ನೂ ಸ್ಕೂಟರನ್ನೂ ಸಮಾನ ಶ್ರದ್ಧೆಯಿಂದ ಬಿಚ್ಚಿದವರು. ಹಿಂದಿನ ತಟ್ಟೆಯ ಹೊಳಪಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದಾರ ಹಾಕಿ ನಡಿ ಎನ್ನುತ್ತಿದ್ದರು ಎಂದು ನನ್ನ ಊಹೆ.

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಲ್ಯಾಪ್‌ಟಾಪು, ಮಚ್ಚು, ಈಳಿಗೆಮಣೆಗಳ ಸಾಲಿನ ಕೊನೆಗೆ ತಾಯಿ ರೀಲನ್ನೂ ಇಟ್ಟರು. ಸಂಗ್ರಹಕಾರರ ಶಾಸ್ತ್ರದ ಮುಂಬದಿ ಮೇಲಿತ್ತು; ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಮ್ಯಾಲಕ್ಕನ ಹೆಸರಿನ ಮೇಲೆಯೇ ಬಿತ್ತು. ಸೇವಾನಗರದ ಹಿರಿಯರು ಬೂಂದಿ ತಿನ್ನುತ್ತ ಬೊಟ್ಟು ನೋಡಿ, ಬಟ್ಟೆಯಿಂದ ಒರೆಸಿದರೆ ಹೋಗಬಹುದು, ಆದರೆ ಸ್ವಲ್ಪ ಕಲೆ ಉಳಿಯುತ್ತದೆ ಎಂದರು. ತಾಯಿ, ‘ಒರೆಸೋದು ಯಾಕೆ?’ ಎಂದರು. ಒರೆಸಲಿಲ್ಲ. ಮುಂದೆ ಇದನ್ನು ಕೊಳ್ಳುವವರು ಲಂಡನ್ನಿನ ಹರಾಜಿನವರಾದರೆ, ಆ ಕೆಂಪು ಚುಕ್ಕೆ ಯಾವ ಕಾರ್ಖಾನೆಯ ತಪಾಸಣೆಯ ಗುರುತೆಂದು ಅವರೇ ಹುಡುಕಿಕೊಳ್ಳಲಿ.